ಇಂಗ್ಲೀಷ್ ಸಾಲಿಗೆ ಹೋಗಾಂವ ಉಣ್ಣೂದೆಲ್ಲಿ?

ನಮ್ಮ ಕಡೆಯ ಯಾವುದಾದರೂ ಹಳೆಯ ಹೈಸ್ಕೂಲಿನ ಸ್ಮರಣ ಸಂಚಿಕೆ ಕೈಗೆ ಸಿಕ್ಕರೆ ಒಮ್ಮೆ ತಿರುವಿ ಹಾಕಿ ನೋಡಿ. ಮೊದಲು ಸ್ವಾಮೀಜಿಗಳ ಆಶೀರ್ವಚನ, ಆಮೇಲೆ ಮಂತ್ರಿಗಳ ಶುಭಸಂದೇಶ, ಆಮೇಲೆ ಇಲ್ಲಿಯವರೆಗಿನ ಹೆಡ್‌ಮಾಸ್ತರರ ಫೋಟೋಗಳ ಸಾಲು, ಕೋಣೆ ಕಟ್ಟಿಸಿಕೊಟ್ಟ ದಾನಿಗಳ ಪಟ್ಟಿ, ಕೊನೆಗೆ ಎಸ್ಸೆಸ್ಸೆಲ್ಸಿ ಫಲಿತಾಂಶದ ಕೋಷ್ಟಕ. ಇಂಥ ನಾಲ್ಕೈದು ಸಂಚಿಕೆ ನನ್ನ ಹತ್ತಿರ ಇವೆ. ಊರಿಗೆ ಹೋದಾಗಲೆಲ್ಲ ಯಾರದಾದರೂ ಮನೆಯ ಜಂತಿ ಮೇಲಿಂದ ಇಳಿಸಿಕೊಂಡು ತಂದವು. ಎಲ್ಲವನ್ನೂ ಓದಿದ ಮೇಲೆ ಒಂದು ವಿಷಯ ತಲೆಯಲ್ಲಿ ಕೊರೆಯುತ್ತಲೇ ಉಳಿಯಿತು. ಕಟ್ಟಡ ಯಾರು ಕಟ್ಟಿಸಿದರು ಅಂತ ಗೊತ್ತಾಗುತ್ತದೆ. ಗಣಿತ ಯಾರು ಕಲಿಸಿದರು, ಯಾವ ವರ್ಷ ಎಷ್ಟು ಹುಡುಗರು ಪಾಸಾದರು, ಅದೂ ಗೊತ್ತಾಗುತ್ತದೆ. ಆ ಹುಡುಗರು ಊಟ ಎಲ್ಲಿ ಮಾಡಿದರು ಅನ್ನೋದು ಮಾತ್ರ ಒಂದರಲ್ಲೂ ಇಲ್ಲ.

ಇದೇನು ದೊಡ್ಡ ವಿಷಯವೇ ಅಂತ ನಿಮಗೆ ಅನ್ನಿಸಬಹುದು. ನನಗೆ ಮಾತ್ರ ಇದೇ ದೊಡ್ಡ ವಿಷಯ ಅನ್ನಿಸುತ್ತದೆ. ಕೂಡಲಸಂಗಮದ ಸುತ್ತಿನ ಹಳ್ಳಿಗಳಲ್ಲಿ, ಅಂದರೆ ಹುನಗುಂದ, ಇಳಕಲ್, ಬಾದಾಮಿ, ಬಾಗಲಕೋಟೆ ಈ ಭಾಗದಲ್ಲಿ, ಹೈಸ್ಕೂಲಿನ ಚರಿತ್ರೆ ಅಂದರೆ ಅರ್ಧಕ್ಕಿಂತ ಹೆಚ್ಚು ರೊಟ್ಟಿಯ ಚರಿತ್ರೆ.

ನಮ್ಮ ಮನೆಯದೇ ಒಂದು ಸಂಗತಿ ಹೇಳ್ತೀನಿ. ನಮ್ಮ ಅಜ್ಜ ಮುಲ್ಕಿ ಪಾಸಾದವರು. ಮುಲ್ಕಿ ಅಂದರೆ ಆಗಿನ ಮುಂಬೈ ಪ್ರಾಂತದ ಕನ್ನಡ ಏಳನೆತ್ತೆಯ ಪರೀಕ್ಷೆ. ಪಾಸಾದ ಮೇಲೆ ಸಾಲಿ ಮಾಸ್ತರರು ಮನೆಗೇ ಬಂದು ಮುತ್ತಜ್ಜನ ಮುಂದೆ ಕೂತರಂತೆ. "ಹುಡುಗ ಶಾಣ್ಯಾ ಅದಾನ್ರೀ ಗೌಡ್ರ, ಇವನ್ನ ಇಂಗ್ಲೀಷ್ ಸಾಲಿಗೆ ಹಾಕ್ರಿ" ಅಂದರಂತೆ. ಮುತ್ತಜ್ಜ ಬ್ಯಾಡ ಅನ್ನಲಿಲ್ಲ. ಫೀಸು ಎಷ್ಟು ಅಂತಲೂ ಕೇಳಲಿಲ್ಲ. "ಹಾಕೂಣ್ರಿ ಮಾಸ್ತರ. ಆದ್ರ ಅಲ್ಲಿ ಇಂವ ಉಣ್ಣೂದೆಲ್ಲಿ?" ಅಂದರಂತೆ. ಮಾಸ್ತರರ ಹತ್ತಿರ ಉತ್ತರ ಇರಲಿಲ್ಲ. ಇಂಗ್ಲೀಷ್ ಸಾಲಿ ಇದ್ದದ್ದು ಬಾಗಲಕೋಟೆಯಲ್ಲಿ, ಹತ್ತಿರ ಹತ್ತಿರ ನಲವತ್ತೈದು ಕಿಲೋಮೀಟರು ದೂರ. ಬಿಜಾಪುರವಾದರೆ ಹೊಳಿ ದಾಟಿ ಹೋಗಬೇಕು. ಎರಡೂ ಊರಲ್ಲಿ ಬೀಗರು ಬಿಜ್ಜರು ಯಾರೂ ಇರಲಿಲ್ಲ. ಅಲ್ಲಿಗೆ ಮಾತು ಮುಗಿಯಿತು. ಅಜ್ಜ ಕನ್ನಡ ಸಾಲಿ ಮಾಸ್ತರರಾದರು.

ಸಾಫ್ಟ್‌ವೇರಿನಲ್ಲಿ ನಾವು ಡಿಪೆಂಡೆನ್ಸಿ ಅಂತೀವಿ. ಒಂದು ಪ್ರೋಗ್ರಾಂ ಓಡಬೇಕಾದರೆ ಇನ್ನೊಂದು ಮೊದಲೇ ಅಲ್ಲಿ ಇರಬೇಕು, ಇಲ್ಲದಿದ್ದರೆ ಎಷ್ಟೇ ಚಲೋ ಕೋಡ್ ಬರೆದರೂ ಅದು ಏಳೋದಿಲ್ಲ. ಹೈಸ್ಕೂಲಿನ ಡಿಪೆಂಡೆನ್ಸಿ ಅಡಿಗೆಮನೆ.

ಈ ಮಾತು ಹೊಸದಲ್ಲ, ನಮ್ಮ ಭಾಗದ ಹಿರಿಯರಿಗೆ ಸಾವಿರ ವರ್ಷದ ಹಿಂದೆಯೇ ಗೊತ್ತಿತ್ತು. ಬಸವಣ್ಣ ಬಾಗೇವಾಡಿ ಬಿಟ್ಟು ಕೂಡಲಸಂಗಮಕ್ಕೆ ಬಂದದ್ದು ಎಲ್ಲರಿಗೂ ಗೊತ್ತು. ಜಾತವೇದ ಮುನಿಗಳ ಆಶ್ರಯದಲ್ಲಿ ಕಲಿತ ಅಂತ ಪರಂಪರೆ ಹೇಳುತ್ತದೆ. ಮನೆ ಬಿಟ್ಟು ಬಂದ ಹುಡುಗ ವರ್ಷಗಟ್ಟಲೆ ಓದಬೇಕಾದರೆ ಅಲ್ಲಿ ಗುರು ಇದ್ದರೆ ಸಾಲದು, ಒಲೆಯೂ ಉರಿಯುತ್ತಿರಬೇಕು. ಪುರಾಣಕಾರರಿಗೆ ಒಲೆಯ ಬಗ್ಗೆ ಆಸಕ್ತಿ ಇಲ್ಲ, ಇರಲಿ. ಶಾಸನ ಬರೆಸಿದವರಿಗೆ ಇತ್ತು. ಇಂಡಿ ತಾಲೂಕಿನ ಸಾಲೋಟಗಿಯಲ್ಲಿ ಕ್ರಿ.ಶ. 945ರ ಒಂದು ಶಾಸನ ಇದೆ. ರಾಷ್ಟ್ರಕೂಟ ಮೂರನೆಯ ಕೃಷ್ಣನ ಮಂತ್ರಿ ನಾರಾಯಣ ಅಲ್ಲೊಂದು ವಿದ್ಯಾಶಾಲೆ ಕಟ್ಟಿಸಿದ. ಬೇರೆ ಬೇರೆ ನಾಡುಗಳಿಂದ ವಿದ್ಯಾರ್ಥಿಗಳು ಬರುತ್ತಿದ್ದರು. ಅವರು ಇರೋದಕ್ಕೆ 27 ಮನೆ. ರಾತ್ರಿ ದೀಪಕ್ಕೆ ಎಣ್ಣೆ ಬೇಕಲ್ಲ, ಅದಕ್ಕಂತಲೇ ಬೇರೆ ಹೊಲ ಬಿಟ್ಟಿದ್ದರು. ಊರಲ್ಲಿ ಮದುವೆಯಾದರೆ ಇಷ್ಟು, ಮುಂಜಿವೆಯಾದರೆ ಅದರರ್ಧ, ಜವಳ ತೆಗೆಸಿದರೆ ಅದರರ್ಧ ಅಂತ ಶಾಲೆಗೆ ಕಾಣಿಕೆ ಕೊಡಬೇಕಿತ್ತು. ಊರಲ್ಲಿ ಯಾರದಾದರೂ ಮನೆಯಲ್ಲಿ ಊಟ ಹಾಕಿಸಿದರೆ ಆದಷ್ಟು ಜನ ವಿದ್ಯಾರ್ಥಿಗಳನ್ನು ಕರೆಯಬೇಕು ಅಂತಲೂ ಕಟ್ಟಳೆ. ಆ ಶಾಲೆಯಲ್ಲಿ ಎಲ್ಲರಿಗೂ ಪ್ರವೇಶ ಇರಲಿಲ್ಲ, ಅದು ವೇದಶಾಸ್ತ್ರ ಓದುವವರ ಶಾಲೆ. ಆದರೆ ಕಟ್ಟಿದವನ ಲೆಕ್ಕ ಮಾತ್ರ ಪಕ್ಕಾ. ಪಾಠಕ್ಕಿಂತ ಮೊದಲು ಮನೆ, ದೀಪ, ಊಟ.

ಇಂಗ್ಲೀಷರು ಬಂದ ಮೇಲೆ ಈ ಲೆಕ್ಕ ತಪ್ಪಿತು. ಅವರಿಗೆ ಶಾಲೆ ಅಂದರೆ ಕೋಣೆ, ಮಾಸ್ತರ, ಇನ್‌ಸ್ಪೆಕ್ಟರ್, ಪರೀಕ್ಷೆ. 1818ರಲ್ಲಿ ಪೇಶ್ವೆಗಳು ಸೋತ ಮೇಲೆ ನಮ್ಮ ಭಾಗ ಮುಂಬೈ ಸರಕಾರದ ಕೈಗೆ ಹೋಯಿತು. ಕಚೇರಿಯಲ್ಲಿ, ಶಾಲೆಯಲ್ಲಿ ಬಹಳ ಕಾಲ ಮರಾಠಿಯದೇ ದರ್ಬಾರು. 1860ರ ದಶಕದಲ್ಲಿ ಧಾರವಾಡದಲ್ಲಿ ರಸೆಲ್ ಸಾಹೇಬರು, ಡೆಪ್ಯುಟಿ ಚನ್ನಬಸಪ್ಪನವರು ಕನ್ನಡ ಸಾಲಿಗಳ ಬೆನ್ನಿಗೆ ನಿಂತ ಮೇಲೆ ಪರಿಸ್ಥಿತಿ ಬದಲಾಯಿತು. ಆ ಕಥೆಯನ್ನು ಬಲ್ಲವರು ಬೇಕಾದಷ್ಟು ಬರೆದಿದ್ದಾರೆ. ನಮ್ಮ ಜಿಲ್ಲೆಗೆ ಆಗ ಕಲಾದಗಿ ಮುಖ್ಯ ಊರು. 1885ರಲ್ಲಿ ಕಚೇರಿಗಳು ಬಿಜಾಪುರಕ್ಕೆ ಹೋದವು. ಅದಕ್ಕೂ ಒಂದು ವರ್ಷ ಮುಂಚೆ, 1884ರಲ್ಲಿ, ಹೋಟಗಿ–ಗದಗ ರೈಲು ಬಿಜಾಪುರ, ಬಾಗಲಕೋಟೆ, ಬಾದಾಮಿಗಳನ್ನು ಮುಟ್ಟಿತ್ತು. ಹುನಗುಂದ, ಇಳಕಲ್ಲುಗಳನ್ನು ರೈಲು ಮುಟ್ಟಲಿಲ್ಲ. ಅರಳೆ ಪೇಟೆ ಎಲ್ಲಿ, ಕಚೇರಿ ಎಲ್ಲಿ, ರೈಲು ಎಲ್ಲಿ, ಇಂಗ್ಲೀಷ್ ಸಾಲಿಯೂ ಅಲ್ಲೇ. ಗುಳೇದಗುಡ್ಡಕ್ಕೆ ಬಾಸೆಲ್ ಮಿಶನ್ನಿನವರು 1851ರಲ್ಲೇ ಬಂದು ನೆಲೆಸಿದ್ದರಿಂದ ಆ ನೇಕಾರರ ಊರಿಗೆ ಅಕ್ಷರದ ಗಾಳಿ ಸ್ವಲ್ಪ ಬೇಗ ಬೀಸಿತು. ಉಳಿದ ಹಳ್ಳಿಗಳಿಗೆ ಕನ್ನಡ ಸಾಲಿಯೇ ಗತಿ, ಅದೂ ಇದ್ದರೆ.

ಆಗಿನ ಏಣಿ ಹೀಗಿತ್ತು. ಕನ್ನಡ ನಾಲ್ಕು ಮುಗಿಸಿದವ ಎರಡು ದಾರಿಯಲ್ಲಿ ಒಂದನ್ನು ಹಿಡಿಯಬೇಕು. ಊರ ಸಾಲಿಯಲ್ಲೇ ಉಳಿದು ಏಳನೆತ್ತೆ ಓದಿ ಮುಲ್ಕಿ ಪರೀಕ್ಷೆಗೆ ಕೂಡಬಹುದು. ಮಾಸ್ತರಿಕೆಯೋ ತಲಾಠಿಕೆಯೋ ಸಿಗುತ್ತದೆ. ಇಲ್ಲವೆ ಇಂಗ್ಲೀಷ್ ಒಂದನೆತ್ತೆಗೆ ಹೋಗಿ ಮತ್ತೆ ಏಳು ವರ್ಷ ಓದಿ ಮ್ಯಾಟ್ರಿಕ್ ಆಗಬೇಕು. ಅಲ್ಲಿಂದ ಮುಂದೆ ಕಾಲೇಜು, ವಕೀಲಿ, ಮಾಮಲೇದಾರಿಕೆ. ಮೊದಲನೆಯ ದಾರಿಯಲ್ಲಿ ಅವ್ವ ಮಾಡಿದ ರೊಟ್ಟಿ ತಿಂದುಕೊಂಡೇ ಹೋಗಬಹುದು. ಎರಡನೆಯದರಲ್ಲಿ ಹತ್ತು ಹನ್ನೊಂದು ವರ್ಷಕ್ಕೇ ಮನೆ ಬಿಡಬೇಕು. ಬುದ್ಧಿವಂತರು ಇಂಗ್ಲೀಷಿಗೆ, ದಡ್ಡರು ಮುಲ್ಕಿಗೆ ಅಂತ ಏನೂ ಇರಲಿಲ್ಲ. ಹಲಸಂಗಿಯ ಮಧುರಚೆನ್ನರು ಓದಿದ್ದು ಮುಲ್ಕಿ. ಇಂಗ್ಲೀಷನ್ನು ತಾವಾಗಿಯೇ ಕಲಿತರು. ಶಂಬಾ ಜೋಶಿಯವರದೂ ಮುಲ್ಕಿಯ ಓದೇ, ಕೊನೆಗೆ ಧಾರವಾಡದ ವಿಕ್ಟೋರಿಯಾ ಹೈಸ್ಕೂಲಿನಲ್ಲಿ ಮ್ಯಾಟ್ರಿಕ್ ಹುಡುಗರಿಗೆ ಕನ್ನಡ ಕಲಿಸಿದರು. ಇವರನ್ನು ನೆನೆದಾಗ ನಾವು ಸಾಮಾನ್ಯವಾಗಿ 'ಡಿಗ್ರಿ ಇಲ್ಲದಿದ್ದರೂ ಎಂಥ ವಿದ್ವಾಂಸರು' ಅಂತ ಹೊಗಳಿ ಬಿಡ್ತೀವಿ. ಹಾಗೆ ಏರಲಾರದೆ ಕನ್ನಡ ಸಾಲಿಯ ಕುರ್ಚಿಯಲ್ಲೇ ಪೆನ್ಶನ್ ತೊಗೊಂಡ ನೂರಾರು ಜನ ಇದ್ದಾರೆ. ಅವರ ಹೆಸರು ಎಲ್ಲೂ ಇಲ್ಲ.

ಹಾಗಾದರೆ ಮನೆ ಬಿಟ್ಟು ಹೋದವರು ಏನು ಉಂಡರು? ಬ್ರಾಹ್ಮಣರ ಹುಡುಗರಿಗೆ ಒಂದು ಹಳೆಯ ವ್ಯವಸ್ಥೆ ಇತ್ತು, ವಾರಾನ್ನ. ಸೋಮವಾರ ಒಬ್ಬರ ಮನೆ, ಮಂಗಳವಾರ ಇನ್ನೊಬ್ಬರ ಮನೆ, ಹೀಗೆ ಏಳು ವಾರಕ್ಕೆ ಏಳು ಮನೆ ಹಿಡಿಯಬೇಕು. ಏಳು ಸಿಗದಿದ್ದರೆ ಐದು. ಉಳಿದೆರಡು ದಿನ ಮಧುಕರಿ, ಅಂದರೆ ಮನೆ ಮನೆಗೆ ಹೋಗಿ ಅನ್ನ ಬೇಡಿ ತರೋದು. ವಾರಾನ್ನ ಉಂಡು ಓದಿ ದೊಡ್ಡವರಾದವರ ಆತ್ಮಕಥೆಗಳಲ್ಲಿ ಈ ಪ್ರಸಂಗಗಳು ಬಂದೇ ಬರುತ್ತವೆ. ಯಾವ ಮನೆಯಲ್ಲಿ ತುಪ್ಪ ಬಡಿಸುತ್ತಿದ್ದರು, ಯಾವ ಮನೆಯಲ್ಲಿ ನಿನ್ನೆಯ ಅನ್ನ ಹಾಕುತ್ತಿದ್ದರು ಅನ್ನೋದನ್ನು ಅರವತ್ತು ವರ್ಷವಾದ ಮೇಲೂ ಅವರು ಮರೆತಿರೋದಿಲ್ಲ. ಕಷ್ಟದ್ದೇ ಆದರೂ ಅದು ಒಂದು ದಾರಿ. ಒಕ್ಕಲಿಗನ ಮಗನಿಗೆ, ನೇಕಾರನ ಮಗನಿಗೆ, ಕುರುಬರ ಹುಡುಗನಿಗೆ ಆ ದಾರಿಯೂ ಇರಲಿಲ್ಲ. ಬೇಡಿದರೂ ಪೇಟೆಯಲ್ಲಿ ಅವನನ್ನು ಒಳಗೆ ಕರೆದು ಕೂಡಿಸಿ ಹಾಕುವ ಮನೆಗಳ ಜಾಲ ಇರಲಿಲ್ಲ. 1900ರ ಸುಮಾರಿನ ಹೈಸ್ಕೂಲುಗಳಲ್ಲಿ ಯಾವ ಜಾತಿಯ ಹುಡುಗರು ತುಂಬಿದ್ದರು, ಯಾವ ಜಾತಿಯವರು ಇರಲಿಲ್ಲ ಅನ್ನೋದಕ್ಕೆ ವಿದ್ವಾಂಸರು ಬಹಳ ಕಾರಣ ಕೊಡುತ್ತಾರೆ. ಓದಿನ ಪರಂಪರೆ, ಸರಕಾರಿ ನೌಕರಿ, ಅದು ಇದು ಅಂತ. ಎಲ್ಲ ಖರೇನೇ. ಆ ಪಟ್ಟಿಯಲ್ಲಿ ಊಟದ ಎಲೆಯನ್ನೂ ಸೇರಿಸಬೇಕು ಅನ್ನೋದಷ್ಟೇ ನನ್ನ ತಕರಾರು.

ಇದನ್ನು ಮೊದಲು ಸರಿಯಾಗಿ ಹಿಡಿದವರಲ್ಲಿ ಒಬ್ಬರು ಕೊಲ್ಹಾಪುರದ ಶಾಹೂ ಮಹಾರಾಜರು. ಅವರು ಹೊಸ ಶಾಲೆ ಕಟ್ಟುವುದಕ್ಕಿಂತ ಹೆಚ್ಚು ಬೋರ್ಡಿಂಗುಗಳ ಮೇಲೆ ಮನಸ್ಸಿಟ್ಟರು. 1901ರಲ್ಲಿ ಮರಾಠರಿಗೆ ಶುರು ಮಾಡಿದ್ದು, ಮುಂದೆ ಹತ್ತು ವರ್ಷದೊಳಗೆ ಜೈನರಿಗೆ, ಮುಸ್ಲಿಮರಿಗೆ, ಲಿಂಗಾಯತರಿಗೆ, ಅಸ್ಪೃಶ್ಯರೆನಿಸಿಕೊಂಡವರಿಗೆ ಬೇರೆ ಬೇರೆ ಬೋರ್ಡಿಂಗುಗಳಾದವು. ಗಡಿ ಭಾಗದ ನಮ್ಮ ಹುಡುಗರೂ ಅಲ್ಲಿಗೆ ಹೋಗುತ್ತಿದ್ದರು.

ಇತ್ತ ಧಾರವಾಡದಲ್ಲಿ ಗಿಲಗಂಚಿ ಗುರುಸಿದ್ದಪ್ಪನವರು, ಅರಟಾಳ ರುದ್ರಗೌಡರು ಸೇರಿ 1883ರಲ್ಲೇ ಲಿಂಗಾಯತ ಹುಡುಗರ ಓದಿಗೆ ಒಂದು ನಿಧಿ ಕೂಡಿಸಿದ್ದರು. ಸಿರಸಂಗಿ ಲಿಂಗರಾಜರು 1906ರಲ್ಲಿ ತೀರಿಕೊಂಡಾಗ ತಮ್ಮ ಇಡೀ ದೇಸಗತಿಯ ಆಸ್ತಿಯನ್ನೇ ವಿದ್ಯಾರ್ಥಿಗಳ ಓದಿಗೆ ಬರೆದಿಟ್ಟಿದ್ದರು. ಅದೇ 1906ರಲ್ಲಿ ಬಾಗಲಕೋಟೆಯಲ್ಲಿ ಬೀಳೂರು ಗುರುಬಸವ ಸ್ವಾಮಿಗಳು ಬಸವೇಶ್ವರ ವೀರಶೈವ ವಿದ್ಯಾವರ್ಧಕ ಸಂಘ ಕಟ್ಟಿದರು. 1910ರಲ್ಲಿ ಬಿಜಾಪುರದಲ್ಲಿ ಫ.ಗು. ಹಳಕಟ್ಟಿಯವರ ಬಿ.ಎಲ್.ಡಿ.ಇ., 1916ರಲ್ಲಿ ಬೆಳಗಾವಿಯಲ್ಲಿ ಏಳು ಜನ ಮಾಸ್ತರರ ಕೆ.ಎಲ್.ಇ. ಆ ಏಳು ಜನರ ಹೈಸ್ಕೂಲಿಗೆ ಗಿಲಗಂಚಿ–ಅರಟಾಳರ ಹೆಸರನ್ನೇ ಇಟ್ಟರು, ಇವತ್ತಿಗೂ ಜಿ.ಎ. ಹೈಸ್ಕೂಲು ಅಂತಲೇ ಕರೀತಾರೆ.

ಒಂದು ಕಾಕತಾಳೀಯ ಹೇಳಿಬಿಡ್ತೀನಿ. ಕಂಪನಿ ಕೆಲಸದ ಮೇಲೆ ಕೆಲವು ತಿಂಗಳು ಇಂಗ್ಲೆಂಡಿನ ಒಂದು ಸಂತೆಯೂರಿನಲ್ಲಿದ್ದೆ. ಅಲ್ಲಿಯ ಹಳೆಯ ಗ್ರಾಮರ್ ಸ್ಕೂಲಿನ ಗೋಡೆ ಮೇಲೂ ಹೆಡ್‌ಮಾಸ್ತರರ ಹೆಸರಿನ ಹಲಗೆ, ದಾನಿಗಳ ಹೆಸರಿನ ಹಲಗೆ, ನಮ್ಮದೇ ಸ್ಮರಣ ಸಂಚಿಕೆಯನ್ನು ಕಟ್ಟಿಗೆಯಲ್ಲಿ ಕೆತ್ತಿದಂತಿತ್ತು. ಕುತೂಹಲಕ್ಕೆ ಅಲ್ಲಿಯ ಊಟದ ಚರಿತ್ರೆ ಹುಡುಕಿದೆ. ಬಡ ಮಕ್ಕಳಿಗೆ ಶಾಲೆಯಲ್ಲಿ ಊಟ ಹಾಕಲು ಸ್ಥಳೀಯ ಆಡಳಿತಗಳಿಗೆ ಅಧಿಕಾರ ಕೊಟ್ಟ ಇಂಗ್ಲೆಂಡಿನ ಕಾಯ್ದೆ ಕೂಡ 1906ರದ್ದೇ! ಹಸಿದ ಮಗುವಿಗೆ ಪಾಠ ಹತ್ತೋದಿಲ್ಲ ಅಂತ ಬ್ರ್ಯಾಡ್‌ಫರ್ಡಿನಂಥ ಗಿರಣಿ ಊರುಗಳವರು ಗಲಾಟೆ ಮಾಡಿದ ಮೇಲೆ ಬಂದ ಕಾಯ್ದೆ ಅದು. 1944ರ ಶಿಕ್ಷಣ ಕಾಯ್ದೆಯಲ್ಲಿ ಅಲ್ಲಿ ಸರಕಾರಿ ಹೈಸ್ಕೂಲಿನ ಫೀಸು ಹೋಯಿತು, ಶಾಲೆಯ ಊಟ ಕಡ್ಡಾಯವಾಯಿತು. ತಮ್ಮ ದೇಶದಲ್ಲಿ ಇದನ್ನೆಲ್ಲ ಮಾಡುತ್ತಿದ್ದ ಸರಕಾರ ನಮ್ಮಲ್ಲಿ ಗ್ರ್ಯಾಂಟು ಕೊಟ್ಟಿದ್ದು ಶಾಲೆಗೆ. ಒಲೆ ಹಚ್ಚಿದ್ದು ಮಠ, ಪೇಟೆ, ಊರ ಜನ.

ಒಲೆ ಹಚ್ಚೋದು ಅಂದರೆ ಸುಮ್ಮನೆ ಆಗುವ ಕೆಲಸ ಅಲ್ಲ. ಇದರ ಬಗ್ಗೆ ಸ್ವಲ್ಪ ನಿಂತು ಹೇಳಬೇಕು. ಧಾರವಾಡದ ಮುರುಘಾಮಠದ ಮೃತ್ಯುಂಜಯ ಅಪ್ಪಗಳು, ಬೆಳಗಾವಿಯಲ್ಲಿ ನಾಗನೂರು ಶಿವಬಸವ ಸ್ವಾಮಿಗಳು ಹಳ್ಳಿ ಹಳ್ಳಿ ತಿರುಗಿ ಜೋಳ ಕೂಡಿಸಿ ನಡೆಸಿದ ಪ್ರಸಾದನಿಲಯಗಳ ಬಗ್ಗೆ ಉತ್ತರ ಕರ್ನಾಟಕದ ಹಿರಿಯ ತಲೆಮಾರಿನ ಯಾರನ್ನು ಕೇಳಿದರೂ ಹೇಳುತ್ತಾರೆ. ಸುಗ್ಗಿಯಲ್ಲಿ ಸ್ವಾಮಿಗಳು ಚಕ್ಕಡಿ ಕಟ್ಟಿಕೊಂಡು ಬರುವರು. ಕಣದಲ್ಲಿ ರಾಶಿ ಅಳೆಯುವಾಗ ಮಠದ ಪಾಲು ಅಂತ ಒಂದಿಷ್ಟು ತೆಗೆದಿಡುವರು. ಮನೆಯಲ್ಲಿ ಹೆಣ್ಣುಮಕ್ಕಳು ಬೀಸುವ ಮೊದಲು ಒಂದು ಮುಷ್ಟಿ ಜೋಳವನ್ನು ಗಡಿಗೆಗೆ ಹಾಕಿಡುವರು, ತಿಂಗಳಾದ ಮೇಲೆ ಬೋರ್ಡಿಂಗಿನ ಆಳು ಬಂದು ಒಯ್ಯುವನು. ಪೇಟೆಯ ಅಡತಿ ಅಂಗಡಿಗಳಲ್ಲಿ ಚೀಲಕ್ಕೆ ಇಷ್ಟು ಅಂತ ಧರ್ಮಾರ್ಥ ಕಡಿದುಕೊಳ್ಳುವರು, ಅದರಲ್ಲಿ ಒಂದು ಪಾಲು ಇದಕ್ಕೆ. ಸಾಲೋಟಗಿಯವರು ಮದುವೆಗೆ ಹಾಕಿದ ತೆರಿಗೆಯನ್ನೇ ಇವರು ಅರಳೆ ಚೀಲಕ್ಕೆ ಹಾಕಿದರು ಅನ್ನಿ. ಹೀಗೆ ಕೂಡಿದ ಜೋಳ ಹಗೇವಿಗೆ ಹೋಗುತ್ತಿತ್ತು. ಮಳೆ ಕೈಕೊಟ್ಟ ವರ್ಷ ಹಗೇವು ಬರಿದು. ಆ ವರ್ಷ ಬೋರ್ಡಿಂಗಿಗೆ ಎಷ್ಟು ಹುಡುಗರನ್ನು ತೊಗೊಳ್ಳೋದು ಅನ್ನೋದನ್ನು ಹೆಡ್‌ಮಾಸ್ತರರಲ್ಲ, ಆಕಾಶ ತೀರ್ಮಾನ ಮಾಡುತ್ತಿತ್ತು.

ಇನ್ನೊಂದು ಮಾತು ಇಲ್ಲೇ ಹೇಳಬೇಕು, ಇಲ್ಲದಿದ್ದರೆ ಮರೆತುಹೋಗುತ್ತದೆ. ಈ ಶಾಲೆ, ಬೋರ್ಡಿಂಗ್ ಕಟ್ಟುತ್ತಿದ್ದವರೇ ಅತ್ತ ತಾಡೋಲೆ ಹುಡುಕಿ ವಚನಗಳನ್ನು ಅಚ್ಚು ಹಾಕಿಸುತ್ತಿದ್ದರು. ಹಳಕಟ್ಟಿಯವರ 'ವಚನಶಾಸ್ತ್ರ ಸಾರ' ಬಂದದ್ದು 1923ರಲ್ಲಿ. ಕೆ.ಎಲ್.ಇ.ಯ ಏಳು ಜನರಲ್ಲಿ ಒಬ್ಬರಾದ ಶಿ.ಶಿ. ಬಸವನಾಳರು ಬಸವಣ್ಣನವರ ವಚನಗಳನ್ನು ಸಂಪಾದಿಸಿದರು. ಕೂಡಲಸಂಗಮದೇವ ಅನ್ನುವ ಅಂಕಿತ ಇವತ್ತು ಪ್ರತಿ ಹುಡುಗನ ಪಠ್ಯಪುಸ್ತಕದಲ್ಲಿ ಇದೆಯಲ್ಲ, ಅದರ ಹಿಂದೆ ವಕೀಲಿಯ, ಮಾಸ್ತರಿಕೆಯ ಸಂಬಳ ಖರ್ಚು ಮಾಡಿದ ಇಂಥವರಿದ್ದಾರೆ.

ಹೊಗಳಿಕೆ ಇಲ್ಲಿಗೆ ಸಾಕು. ಬೋರ್ಡಿಂಗಿನ ಬಾಗಿಲ ಮೇಲೆ ಒಂದು ಜಾತಿಯ ಹೆಸರು ಇರುತ್ತಿತ್ತು ಅನ್ನೋದನ್ನು ಮುಚ್ಚಿಡೋದು ಸರಿಯಲ್ಲ. ಲಿಂಗಾಯತ ಬೋರ್ಡಿಂಗ್, ಜೈನ ಬೋರ್ಡಿಂಗ್, ಮರಾಠಾ ಬೋರ್ಡಿಂಗ್. ಹೆಸರಿದ್ದ ಜಾತಿಯ ಹುಡುಗ ಬಚಾವಾದ. ದಾನ ಕೊಡುವ ವ್ಯಾಪಾರಿ ಇಲ್ಲದ, ಜೋಳ ಕೊಡುವ ಹೊಲ ಇಲ್ಲದ ಜಾತಿಗಳು ಬೋರ್ಡಿಂಗ್ ಕಟ್ಟೋದು ಹೇಗೆ? ಮಾದರ ಹುಡುಗ, ಹೊಲೆಯರ ಹುಡುಗ ಮುಲ್ಕಿ ಪಾಸಾದರೂ ಅವನ ಅಪ್ಪನ ಮುಂದೆ ಬಂದು ಕೂಡುವ ಮಾಸ್ತರ ಇರಲಿಲ್ಲ. ಎಲ್ಲ ಜಾತಿಯ ಮಕ್ಕಳನ್ನು ಒಂದೇ ಪಂಕ್ತಿಯಲ್ಲಿ ಕೂಡಿಸಿದ ಸಿದ್ಧಗಂಗೆಯಂಥ ಮಠಗಳು ಇದ್ದವು, ಆದರೆ ಸಿದ್ಧಗಂಗೆ ಇದ್ದದ್ದು ತುಮಕೂರಿನಲ್ಲಿ.

ಈ ಜಾಗದಲ್ಲಿ ನಮ್ಮ ಭಾಗದ ಚರಿತ್ರೆಗೆ ಅಂಬೇಡ್ಕರರು ಬರುತ್ತಾರೆ. ಅವರು 1928ರಲ್ಲಿ ದಲಿತ ವಿದ್ಯಾರ್ಥಿಗಳಿಗಾಗಿ ಶಿಕ್ಷಣ ಸಂಸ್ಥೆ ಕಟ್ಟಿ, ಮುಂಬೈ ಸರಕಾರದ ಬೆನ್ನು ಹತ್ತಿ, ಹೈಸ್ಕೂಲು ಹುಡುಗರಿಗೆ ವಸತಿಗೃಹಗಳನ್ನು ತೆರೆಸಿದರು. ಗಮನಿಸಿ, ಅವರು ಮೊದಲು ಕೇಳಿದ್ದೂ ಶಾಲೆಯನ್ನಲ್ಲ, ವಸತಿಗೃಹವನ್ನು. ಅವುಗಳಲ್ಲಿ ಒಂದು ಧಾರವಾಡದಲ್ಲಿ. ಬಲವಂತರಾವ್ ವರಾಳೆ ಅದನ್ನು ನೋಡಿಕೊಳ್ಳುತ್ತಿದ್ದರು. ಅಂಬೇಡ್ಕರರ ಹೆಂಡತಿ ರಮಾಬಾಯಿಯವರು ಕೆಲವು ದಿನ ಅಲ್ಲಿ ಬಂದು ಇದ್ದರು. ಆಗಿನದು ಅಂತ ಹೇಳುವ ಒಂದು ಸಂಗತಿ ಇದೆ. ಹುಡುಗರ ಆಟದ ಸದ್ದು ಕೇಳದೆ ಇದ್ದದ್ದಕ್ಕೆ ಅವರು ಯಾಕೆ ಅಂತ ವಿಚಾರಿಸಿದರಂತೆ. ಸರಕಾರದ ಗ್ರ್ಯಾಂಟು ಬಂದಿಲ್ಲ, ಕಾಳು ಮುಗಿದಿದೆ, ಮಕ್ಕಳು ಹಸಿದಿದ್ದಾರೆ ಅಂತ ಉತ್ತರ ಬಂತು. ಅವರು ಒಳಗೆ ಹೋಗಿ ತಮ್ಮ ಬಂಗಾರದ ಬಳೆ ತಂದುಕೊಟ್ಟು, ಇದನ್ನು ಒತ್ತೆ ಇಡ್ರಿ ಇಲ್ಲಾ ಮಾರ್ರಿ, ಮೊದಲು ಮಕ್ಕಳಿಗೆ ಊಟ ಹಾಕ್ರಿ ಅಂದರಂತೆ. ಜೋಳಿಗೆ ಹಿಡಿದರೆ ಕಾಳು ಸುರಿಯುವ ಊರುಗಳು ಬೆನ್ನಿಗೆ ಇಲ್ಲದ ಬೋರ್ಡಿಂಗು ಗ್ರ್ಯಾಂಟು ಒಂದು ತಿಂಗಳು ತಡವಾದರೆ ಎಲ್ಲಿಗೆ ಬಂದು ನಿಲ್ಲುತ್ತದೆ ಅನ್ನೋದನ್ನು ಇದಕ್ಕಿಂತ ಚೆನ್ನಾಗಿ ಯಾವ ವರದಿಯೂ ಹೇಳಲಾರದು.

ಸ್ವಾತಂತ್ರ್ಯ ಬಂತು, ಏಕೀಕರಣ ಆಯಿತು. ಹೈಸ್ಕೂಲು ತಾಲೂಕು ಊರುಗಳಿಗೆ ಇಳಿದು ಬಂತು. ಹುನಗುಂದ, ಇಳಕಲ್ಲುಗಳಲ್ಲಿ ಚಿತ್ತರಗಿ ಮಠದ ವಿಜಯ ಮಹಾಂತೇಶನ ಹೆಸರಿನ ಸಂಸ್ಥೆಗಳು ಬೆಳೆದವು. ಹುನಗುಂದದಿಂದ ಆರಿಸಿ ಬರುತ್ತಿದ್ದ ಎಸ್.ಆರ್. ಕಂಠಿಯವರು ಮೊದಲು ವಿಧಾನಸಭೆಯ ಸ್ಪೀಕರ್, 1962ರಲ್ಲಿ ಮೂರು ತಿಂಗಳ ಮಟ್ಟಿಗೆ ಮುಖ್ಯಮಂತ್ರಿ, ಆಮೇಲೆ ನಿಜಲಿಂಗಪ್ಪನವರ ಸಂಪುಟದಲ್ಲಿ ಶಿಕ್ಷಣ ಮಂತ್ರಿ. ಇವರನ್ನು ಜನ ಮೂರು ತಿಂಗಳ ಮುಖ್ಯಮಂತ್ರಿ ಅಂತಲೇ ನೆನಪಿಡುತ್ತಾರೆ. ಶಿಕ್ಷಣ ಮಂತ್ರಿಯಾಗಿ ಮಾಡಿದ್ದನ್ನು ನೆನಪಿಡಬೇಕಾಗಿತ್ತು. 1963ರಲ್ಲಿ ಬಿಜಾಪುರಕ್ಕೆ ಸೈನಿಕ ಶಾಲೆ ಬಂದದ್ದರ ಹಿಂದೆ ಅವರಿದ್ದರು. ಅದೂ ಉಂಡು ಮಲಗಿ ಓದುವ ಶಾಲೆಯೇ. ಅದೇ ವರ್ಷ ಬಾಗಲಕೋಟೆಯ ಸಂಘ ಇಂಜಿನಿಯರಿಂಗ್ ಕಾಲೇಜು ತೆರೆಯಿತು. ನನ್ನಂಥವರು ಬಿ.ಇ. ಮಾಡಲು ಬೆಂಗಳೂರಿಗೇ ಹೋಗಬೇಕಿಲ್ಲ ಅಂತಾದದ್ದು ಹೀಗೆ.

ನಮ್ಮ ಅಪ್ಪ ಹೈಸ್ಕೂಲು ಓದಿದ್ದು ತಾಲೂಕು ಊರಿನಲ್ಲಿ, ಮಠದ ಬೋರ್ಡಿಂಗಿನಲ್ಲಿ ಇದ್ದುಕೊಂಡು. ವರ್ಷಕ್ಕೆ ಒಂದು ಚೀಲ ಜೋಳ ಮನೆಯಿಂದ ಕೊಡಬೇಕು, ಉಳಿದದ್ದು ಮಠದ್ದು. ಬೆಳಿಗ್ಗೆ ನುಚ್ಚು, ಮಧ್ಯಾಹ್ನ ರೊಟ್ಟಿ ಬ್ಯಾಳಿ, ಸಂಜೆ ರೊಟ್ಟಿ ಪಲ್ಯ. ಸೋಮವಾರ ಹುಗ್ಗಿ. ಅಪ್ಪನಿಗೆ ಹೈಸ್ಕೂಲಿನ ವಿಜ್ಞಾನದ ಮಾಸ್ತರರ ಹೆಸರು ನೆನಪಿಲ್ಲ. ಅಡಿಗೆ ಮಾಡುತ್ತಿದ್ದ ಅಜ್ಜನ ಹೆಸರು, ಅವರ ಊರು, ಅವರು ಹುಡುಗರಿಗೆ ಬೈಯುತ್ತಿದ್ದ ಬೈಗುಳ, ಎಲ್ಲ ನೆನಪಿದೆ.

1970ರ ದಶಕದಲ್ಲಿ ದೇವರಾಜ ಅರಸರು, ಹಾವನೂರು ಆಯೋಗ. ಹಿಂದುಳಿದ ವರ್ಗದ, ಪರಿಶಿಷ್ಟ ಜಾತಿಯ ಸರಕಾರಿ ಹಾಸ್ಟೆಲುಗಳು ಸಣ್ಣ ಊರುಗಳಿಗೂ ಬಂದವು. 1990ರ ದಶಕದಲ್ಲಿ ಮೊರಾರ್ಜಿ ದೇಸಾಯಿ ವಸತಿ ಶಾಲೆ. ಯಾವುದೋ ಒಂದು ಜಾತಿಯಲ್ಲಿ ದೊಡ್ಡ ದಾನಿ ಹುಟ್ಟುವ ತನಕ ಕಾಯುವ ಅಗತ್ಯ ಇಲ್ಲದಂತೆ ಮಾಡಿದ್ದು ಇವು. ಹಾಸ್ಟೆಲಿನ ಅನ್ನದಲ್ಲಿ ಹುಳ, ಸಾರು ನೀರು ಅಂತ ಪೇಪರಿನಲ್ಲಿ ಓದಿ ನಗುವವರು ಒಂದನ್ನು ನೆನಪಿಡಬೇಕು. ಆ ನೀರು ಸಾರಿನ ಮೇಲೆ ಎರಡು ತಲೆಮಾರು ಎಸ್ಸೆಸ್ಸೆಲ್ಸಿ ದಾಟಿದೆ.

ಹಾಸ್ಟೆಲಿನಲ್ಲಿ ಸೀಟು ಸಿಗದವರಿಗೆ ಬಸ್ಸು ಇತ್ತು. ನಮ್ಮ ಕಡೆಯವರಲ್ಲದವರಿಗೆ ಇದನ್ನು ಬಿಡಿಸಿ ಹೇಳಬೇಕು. ಪಟ್ಟಣದಲ್ಲಿ ನಾಲ್ಕು ಹುಡುಗರು ಸೇರಿ ಒಂದು ರೂಮು ಮಾಡಿಕೊಂಡಿರುತ್ತಾರೆ. ಹಳ್ಳಿಯಲ್ಲಿ ಅವ್ವಂದಿರು ನಸುಕಿನಲ್ಲೇ ಎದ್ದು ರೊಟ್ಟಿ ಬಡಿದು, ಪುಂಡಿ ಪಲ್ಯ, ಶೇಂಗಾ ಹಿಂಡಿ, ಒಂದು ಸಣ್ಣ ಗಡಿಗೆಯಲ್ಲಿ ಮೊಸರು, ಎಲ್ಲ ಡಬ್ಬಿಗೆ ತುಂಬಿ ವಸ್ತ್ರದಲ್ಲಿ ಗಂಟು ಹಾಕಿ ಮೊದಲ ಬಸ್ಸಿಗೆ ಇಡುತ್ತಾರೆ. ಡಬ್ಬಿಯ ಮೇಲೆ ಪೇಂಟಿನಲ್ಲಿ ಹುಡುಗನ ಹೆಸರು, ಊರು. ಇದಕ್ಕೆ ಟಿಕೆಟ್ ಇಲ್ಲ, ಲಗೇಜ್ ಚಾರ್ಜ್ ಇಲ್ಲ. ಡ್ರೈವರ್ ಪಕ್ಕದ ಎಂಜಿನ್ ಮೇಲೆ, ಹಿಂದಿನ ಸೀಟಿನ ಕೆಳಗೆ ಬುತ್ತಿಗಳೇ. ಒಂಬತ್ತಕ್ಕೆ ಬಸ್‌ಸ್ಟ್ಯಾಂಡಿನಲ್ಲಿ ಹುಡುಗರ ಗುಂಪು ಕಾಯುತ್ತಿರುತ್ತದೆ. ನಿನ್ನೆಯ ಖಾಲಿ ಡಬ್ಬಿ ಹತ್ತಿಸಿ ಇವತ್ತಿನದು ಇಳಿಸಿಕೊಂಡು ಕಾಲೇಜಿಗೆ ಓಡೋದು. ನಾನು ಬಾಗಲಕೋಟೆಯಲ್ಲಿ ಪಿಯುಸಿ ಓದಿದ ಎರಡು ವರ್ಷ ಉಂಡದ್ದು ಹೀಗೆ ಬಂದ ಬುತ್ತಿ. ಬಸ್ಸು ಕೆಟ್ಟು ನಿಂತ ದಿನ, ಮುಷ್ಕರದ ದಿನ, ನಾಲ್ಕು ರೂಮಿನವರು ಸೇರಿ ಚುರುಮುರಿ. ಯಾವ ಸರಕಾರಿ ಆದೇಶದಲ್ಲೂ ಈ ಬುತ್ತಿ ಸೇವೆಯ ಉಲ್ಲೇಖ ಇರಲಿಕ್ಕಿಲ್ಲ. ಕಂಡಕ್ಟರ್ ಮಾಮಂದಿರು ಅದನ್ನು ತಮ್ಮ ಕೆಲಸ ಅಂತಲೇ ತಿಳಿದು ಮಾಡಿದರು. ಉತ್ತರ ಕರ್ನಾಟಕದ ಡಾಕ್ಟರು, ಇಂಜಿನಿಯರುಗಳ ದೊಡ್ಡ ಪಾಲು ಆ ಎಂಜಿನ್ ಮೇಲಿನ ಡಬ್ಬಿಗಳಿಂದ ಹೊರಬಿದ್ದದ್ದು.

ಇಷ್ಟೆಲ್ಲ ಬರೆದೆನಲ್ಲ, ಇಲ್ಲಿಯವರೆಗೆ ಬಂದವರೆಲ್ಲ ಗಂಡುಹುಡುಗರು. ವಾರಾನ್ನ ಹುಡುಗಿಗೆ ಇಲ್ಲ, ಮಠದ ಬೋರ್ಡಿಂಗು ಇಲ್ಲ, ನಾಲ್ಕು ಜನ ಸೇರಿ ರೂಮು ಮಾಡುವ ಮಾತಂತೂ ಇಲ್ಲ. ಹುಬ್ಬಳ್ಳಿಯಲ್ಲಿ ಸರದಾರ ವೀರನಗೌಡ ಪಾಟೀಲರು, ನಾಗಮ್ಮನವರು ಹರಿಜನ ಬಾಲಿಕೆಯರಿಗೆ ಆಶ್ರಮ ಕಟ್ಟಿದ್ದು 1930ರ ದಶಕದಲ್ಲಿ. ಅಂಥವು ಕೈಬೆರಳಲ್ಲಿ ಎಣಿಸುವಷ್ಟು. ಹುಡುಗಿಗೆ ಹೈಸ್ಕೂಲು ಸಿಗಬೇಕಾದರೆ ಅದು ಸಂಜೆಯೊಳಗೆ ಮನೆಗೆ ಬಂದು ಉಣ್ಣುವಷ್ಟು ಹತ್ತಿರ ಇರಬೇಕಿತ್ತು. ನಮ್ಮ ಊರಿಗೆ ಹೈಸ್ಕೂಲು ಆರು ಕಿಲೋಮೀಟರು. ನನಗಿಂತ ಮೂರು ವರ್ಷ ದೊಡ್ಡವಳಾದ ಅಕ್ಕ ಏಳನೆತ್ತೆಯಲ್ಲಿ ಸಾಲಿಗೆ ಮೊದಲಿಗಳು. ಆ ರಸ್ತೆಗೆ ಬೆಳಿಗ್ಗೆ ಒಂದು ಬಸ್ಸು, ಮಧ್ಯಾಹ್ನ ಇಲ್ಲ, ಸಂಜೆ ಬಂದರೆ ಬಂತು. ಅವಳ ಓದು ಅಲ್ಲಿಗೆ ನಿಂತಿತು. ಮೂರು ವರ್ಷದ ಮೇಲೆ ಅದೇ ಆರು ಕಿಲೋಮೀಟರಿಗೆ ನನಗೆ ಅಪ್ಪ ಹಳೆಯ ಸೈಕಲ್ ಕೊಡಿಸಿದರು. ಮಧ್ಯಾಹ್ನದ ಬುತ್ತಿ ಕಟ್ಟಿಕೊಡುತ್ತಿದ್ದದ್ದು ಅಕ್ಕನೇ.

ಸರಕಾರ 2006–07ರಲ್ಲಿ ಎಂಟನೆತ್ತೆಯ ಮಕ್ಕಳಿಗೆ ಸೈಕಲ್ ಕೊಡಲು ಶುರು ಮಾಡಿತು. ಸುಪ್ರೀಂ ಕೋರ್ಟು 2001ರ ನವೆಂಬರಿನಲ್ಲಿ ಶಾಲೆಯಲ್ಲಿ ಬಿಸಿಯೂಟ ಕೊಡಲೇಬೇಕು ಅಂದ ಮೇಲೆ ನಮ್ಮಲ್ಲಿ 2002ರಲ್ಲಿ ಪ್ರಾಥಮಿಕ ಶಾಲೆಗಳಿಗೆ ಊಟ ಬಂತು, 2007ರಲ್ಲಿ ಅದು ಹೈಸ್ಕೂಲಿಗೂ ವಿಸ್ತರಿಸಿತು. ಯೋಜನೆಗೆ ಇಟ್ಟ ಹೆಸರು ಅಕ್ಷರ ದಾಸೋಹ. ಕಚೇರಿಯಲ್ಲಿ ಕೂತು ಆ ಹೆಸರು ಇಟ್ಟವರು ಯಾರೋ, ದಾಸೋಹ ಅನ್ನುವ ಶಬ್ದವನ್ನು ಬಸವಣ್ಣನ ಕಾಲದಿಂದ ಎತ್ತಿಕೊಂಡು ಬಂದು ಸರಿಯಾದ ಜಾಗದಲ್ಲೇ ಇಟ್ಟರು. ಎಂಟನೆತ್ತೆಯ ಹುಡುಗಿಯರು ಗುಂಪು ಕಟ್ಟಿಕೊಂಡು ನಮ್ಮೂರ ರಸ್ತೆಯಲ್ಲಿ ಸೈಕಲ್ ತುಳಿಯುತ್ತ ಹೋಗೋದನ್ನು ನಾನು ಮೊದಲ ಸಲ ನೋಡಿದ್ದು ಇಂಜಿನಿಯರಿಂಗ್ ಓದುವಾಗ ರಜೆಗೆ ಬಂದಾಗ. ಅಕ್ಕನ ಮದುವೆಯಾಗಿ ಆಗ ಮೂರು ವರ್ಷವಾಗಿತ್ತು.

ದಾಸೋಹ ಹತ್ತನೆತ್ತೆಗೆ ನಿಲ್ಲುತ್ತದೆ. ಪಿಯು ಕಾಲೇಜಿನಲ್ಲಿ ಬಿಸಿಯೂಟ ಇಲ್ಲ. ಅಕ್ಕನ ಮಗಳು ಈಗ ಬಾಗಲಕೋಟೆಯಲ್ಲಿ ಸೈನ್ಸ್ ಓದುತ್ತಿದ್ದಾಳೆ, ಹಾಸ್ಟೆಲಿನ ಎರಡನೆಯ ಪಟ್ಟಿಯಲ್ಲಿ ಹೆಸರು ಬರುವ ತನಕ ಎರಡು ತಿಂಗಳು ಸಂಬಂಧಿಕರ ಮನೆಯಲ್ಲಿದ್ದಳು. ಆ ಎರಡು ತಿಂಗಳೂ ಅಕ್ಕ ಬೆಳಿಗ್ಗೆ ಆರೂವರೆಯ ಬಸ್ಸಿಗೆ ಡಬ್ಬಿ ಇಟ್ಟಿದ್ದಾಳೆ. ಡಬ್ಬಿ ಹಳೆಯದೇ, ಮೇಲಿನ ಹೆಸರು ಮಾತ್ರ ಹೊಸ ಪೇಂಟಿನಲ್ಲಿ ಬರೆಸಿದ್ದು.